ಪೀಪಿಗೆಂದು ಹೊಲಿದ ಕೋಣೆ

ಹಾಸಿಗೆ ಹೊಲಿಯುವವರ ಮನೆಯಲ್ಲಿ ಯಾರೂ ಬಾಯಿ ಬಿಟ್ಟು ನಗುವುದಿಲ್ಲ. ನಗು ಬರುವುದಿಲ್ಲ ಅಂತಲ್ಲ, ಬಾಯಿ ಬಿಟ್ಟರೆ ಹತ್ತಿ ಒಳಗೆ ಹೋಗುತ್ತದೆ. ನಮ್ಮ ದೊಡ್ಡಪ್ಪನ ಅಂಗಡಿಯಲ್ಲಿ ಬೆಳಿಗ್ಗೆ ಹತ್ತಿ ಹಿಂಜುವ ಯಂತ್ರ ಶುರುವಾಯಿತೆಂದರೆ ಎಲ್ಲರೂ ಮೂಗು ಬಾಯಿ ಸೇರಿಸಿ ಬಟ್ಟೆ ಕಟ್ಟಿಕೊಳ್ಳಬೇಕು. ಆಮೇಲೆ ಮಾತೆಲ್ಲ ಕಣ್ಣಲ್ಲಿ, ಕೈಯಲ್ಲಿ. ಬೈಯುವುದಿದ್ದರೆ ಮಾತ್ರ ಬಟ್ಟೆ ಕೆಳಗೆ ಎಳೆದುಕೊಂಡು ಬೈಯುತ್ತಿದ್ದರು. ಬೈಗುಳ ಸ್ಪಷ್ಟವಾಗಿ ತಲುಪಬೇಕಲ್ಲ.

ಮುಂದೆ ಬೀದಿಗೆ ತೆರೆದ ಅಂಗಡಿ, ಅದರ ಹಿಂದೆ ಯಂತ್ರ, ಯಂತ್ರದ ಹಿಂದೆ ಅಂಗಳ, ಅಂಗಳದ ಆಚೆ ಒಂದು ಉಗ್ರಾಣದ ಕೋಣೆ. ಮನೆ ಮಹಡಿಯ ಮೇಲೆ. ನಾನು ದೊಡ್ಡಪ್ಪನ ತಮ್ಮನ ಮಗ. ನನ್ನದು ಲಗೇಜ್ ಗಾಡಿ. ಅಂಗಡಿಯ ಹೊಸ ಹಾಸಿಗೆಗಳನ್ನು ಮನೆ ಮನೆಗೆ ಮುಟ್ಟಿಸುವುದು, ಹಳೆಯದನ್ನು ಹೇರಿಕೊಂಡು ಬರುವುದು ನನ್ನ ಕೆಲಸ. ಹಾಗಾಗಿ ಇಲ್ಲಿ ಬರೆಯುವುದು ಹೆಚ್ಚಾಗಿ ಕಣ್ಣಾರೆ ಕಂಡದ್ದು.

ಹಳೆಯ ಹಾಸಿಗೆ ಬಿಚ್ಚಿ, ಹತ್ತಿ ಹಿಂಜಿ, ಮತ್ತೆ ತುಂಬಿ ಹೊಲಿದು ಕೊಡುವುದೇ ಆ ಅಂಗಡಿಯ ಮುಖ್ಯ ಕಸುಬು. ಯಂತ್ರಕ್ಕೆ ಹಾಕಿದ ಹತ್ತಿ ಒಂದು ಕಡೆ ಮೋಡದ ಹಾಗೆ ಉಬ್ಬಿ ಹೊರಬರುತ್ತದೆ. ಯಂತ್ರದ ಅಡಿಯಲ್ಲಿ ಸವೆದು ತುಂಡಾದ ಎಳೆ, ಧೂಳು, ಕಸ ಸೇರಿದ ಪುಡಿಹತ್ತಿ ಉದುರುತ್ತದೆ. ಬೇರೆ ಅಂಗಡಿಯವರು ಆ ಪುಡಿಯನ್ನೂ ಹಾಸಿಗೆಯ ನಡುವೆ ತುರುಕಿ ಕೈ ತೊಳೆದುಕೊಳ್ಳುತ್ತಿದ್ದರು. ದೊಡ್ಡಪ್ಪ ಅದಕ್ಕೆ ಒಪ್ಪಿದವನಲ್ಲ. "ಮಲಗಿದೋನ ಮೂಗಿಗೆ ಹೋಗತ್ತೆ. ಅದು ಹಾಸಿಗೆ ಅಲ್ಲ, ಶಿಕ್ಷೆ" ಅನ್ನುತ್ತಿದ್ದ. ಪುಡಿಯೆಲ್ಲ ಗೋಣಿ ತುಂಬಿ ಉಗ್ರಾಣದ ಮೂಲೆ ಸೇರುತ್ತಿತ್ತು. ಇಟ್ಟಿಗೆ ಸುಡುವವರು ಯಾವಾಗಲಾದರೂ ಬಂದು ಬೆಂಕಿಗೆಂದು ಒಯ್ಯುತ್ತಿದ್ದರು.

ಈ ದೊಡ್ಡಪ್ಪನ ಎರಡನೇ ಮಗನೇ ಪೀಪಿ. ಅವನ ಕಥೆಯೇ ಇದು.

ಮನೆಯಲ್ಲಿ ಇಟ್ಟ ಹೆಸರು ಬೇರೆ ಇತ್ತು. ಅವನು ಕ್ಲಾರಿನೆಟ್ ಕಲಿಯಲು ಶುರುಮಾಡಿದ ಮೇಲೆ ಅದನ್ನು ಕೇಳುವವರೇ ಇಲ್ಲವಾದರು. ನಮ್ಮ ಬೀದಿಗೆ ಕ್ಲಾರಿನೆಟ್ ಅನ್ನುವಷ್ಟು ಪುರುಸೊತ್ತಿಲ್ಲ. ಊದಿದರೆ ಸದ್ದು ಬರುವುದೆಲ್ಲ ಪೀಪಿ, ಅದನ್ನು ಊದುವವನೂ ಪೀಪಿ. ಅವನಿಗೆ ಕಲಿಸಿದವರು ಮದುವೆ ಮೆರವಣಿಗೆಯ ಬ್ಯಾಂಡಿನ ಮೇಷ್ಟ್ರು. ಹಾಸಿಗೆ ಹಿಂಜಿಸಲು ಬಂದವರು ಕಾಯುತ್ತ ಕೂತಾಗ ಕಂಕುಳಲ್ಲಿದ್ದ ಪೆಟ್ಟಿಗೆ ತೆಗೆದು ಸುಮ್ಮನೆ ಊದಿದರಂತೆ. ಯಂತ್ರಕ್ಕೆ ಹತ್ತಿ ಹಾಕುತ್ತಿದ್ದ ಪೀಪಿ ಕೈ ನಿಲ್ಲಿಸಿ ನಿಂತುಬಿಟ್ಟ. ಖಾಲಿ ಯಂತ್ರ ಗಡಗಡ ಅಂತ ತಿರುಗಿತು. ದೊಡ್ಡಣ್ಣ, ಅಂದರೆ ಪೀಪಿಯ ಅಣ್ಣ, ಬಟ್ಟೆ ಕೆಳಗೆಳೆದು ಬೈದ. ಆ ಬೈಗುಳ ಆವತ್ತು ಶುರುವಾದದ್ದು ಮತ್ತೆ ನಿಲ್ಲಲಿಲ್ಲ.

ಕೆಲಸ ಮುಗಿಸಿ ಮೇಷ್ಟ್ರ ಬ್ಯಾಂಡಿನ ಶೆಡ್ಡಿಗೆ ಹೋಗುತ್ತಾನೆ, ಏನೋ ಹುಚ್ಚು, ಇಳಿಯುತ್ತದೆ ಎಂದು ಮನೆಯವರು ಸುಮ್ಮನಿದ್ದರು. ಇಳಿಯಲಿಲ್ಲ. ಒಂದು ಭಾನುವಾರ ಯಾರದೋ ಮದುವೆ ಮೆರವಣಿಗೆ ನಮ್ಮ ಬೀದಿಗೇ ಬಂತು. ಬ್ಯಾಂಡಿನ ಮುಂದಿನ ಸಾಲಿನಲ್ಲಿ, ಭುಜದ ಹತ್ತಿರ ದೊಗಲೆಯಾದ ಕೆಂಪು ಕೋಟು ತೊಟ್ಟು, ಕೆನ್ನೆ ಉಬ್ಬಿಸಿಕೊಂಡು ಪೀಪಿ. ದೊಡ್ಡಪ್ಪ ಅಂಗಡಿಯ ಮುಂದೆ ಗಿರಾಕಿಯೊಬ್ಬನಿಗೆ ಹಾಸಿಗೆ ಬಟ್ಟೆ ತೋರಿಸುತ್ತಿದ್ದ.

"ಅದು ನಿಮ್ಮ ಹುಡುಗ ಅಲ್ವಾ?" ಗಿರಾಕಿ ಕೇಳಿದ.

"ಅಲ್ಲ" ಅಂದ ದೊಡ್ಡಪ್ಪ. ಬಟ್ಟೆ ಮಡಿಸುತ್ತಾ ಮತ್ತೊಂದು ಸಲ, ಯಾರೂ ಕೇಳದಿದ್ದರೂ, "ಅಲ್ಲ" ಅಂದ.

ಮನೆಗೆ ಬಂದವನಿಗೆ ಊಟದ ತಟ್ಟೆ ಹಾಕುವ ಮೊದಲೇ ವಿಚಾರಣೆ.

"ಆ ಕೋಟು ಯಾರದು?"

"ಬ್ಯಾಂಡಿನವರದು ಅಪ್ಪ."

"ಒಗೆದು ಕೊಟ್ಟು ಬಾ."

"ಒಗೆದು ಇಟ್ಕೋತೀನಿ. ಮುಂದಿನ ವಾರಾನೂ ಬೇಕು."

ದೊಡ್ಡಣ್ಣ ಬಾಯಿ ಹಾಕಿದ. "ಯಂತ್ರದ ಹತ್ರ ಅರ್ಧ ಗಂಟೆ ನಿಂತ್ರೆ ಸುಸ್ತು ಅಂತಾನೆ. ಬೀದೀಲಿ ಊದಕ್ಕೆ ಎಲ್ಲಿಂದ ಬರತ್ತೋ ಉಸಿರು!"

"ಹೋಗ್ಲಿ ಬಿಡ್ರೋ" ಅಂದಳು ದೊಡ್ಡಮ್ಮ. "ಕುಡಿಯೋದಕ್ಕಿಂತ ವಾಸಿ."

"ಏನು ವಾಸಿ? ಕುಡಿಯೋನು ಸದ್ದಿಲ್ದೆ ಬಂದು ಬಿದ್ಕೋತಾನೆ. ಇವನು ಊರಿಗೆಲ್ಲ ಕೇಳಿಸ್ತಾನೆ" ಅಂದ ದೊಡ್ಡಣ್ಣ.

ಪೀಪಿ ನಕ್ಕುಬಿಟ್ಟ. ಅವನ ತೊಂದರೆಯೇ ಅದು. ಬೈದರೆ ಜಗಳವಾಡುತ್ತಿರಲಿಲ್ಲ, ಅಳುತ್ತಿರಲಿಲ್ಲ, ಚೆನ್ನಾಗಿ ಬೈದರೆ ನಗುತ್ತಿದ್ದ. ನನಗಾದರೂ ಅಂಥ ಅಣ್ಣನಿದ್ದಿದ್ದರೆ ಆವತ್ತೇ ಎರಡರಲ್ಲಿ ಒಂದು ಆಗಿಹೋಗುತ್ತಿತ್ತು.

ಆಮೇಲೆ ಅವನ ತಂಗಿಗೆ ಗಂಡು ನೋಡುವ ಕಾಲ ಬಂತು. ಒಳ್ಳೆಯ ಮನೆಯವರು, ಮಹಡಿಯ ಮೇಲೆ ಸಾಲಾಗಿ ಕೂತಿದ್ದರು. ಅವರು ಬರುವುದು ಮಧ್ಯಾಹ್ನ ಅಂದುಕೊಂಡಿದ್ದ ಪೀಪಿ ಉಗ್ರಾಣದಲ್ಲಿ ಒಂದೇ ಸ್ವರ ಹಿಡಿದು ಅಭ್ಯಾಸ ಮಾಡುತ್ತಿದ್ದ. ಅವರು ಬಂದದ್ದು ಬೆಳಿಗ್ಗೆಯೇ. ಗಂಡಿನ ಸೋದರತ್ತೆ ಕಿವಿಗೊಟ್ಟು ಕೇಳಿ, "ಹಿಂದುಗಡೆ ಎಮ್ಮೆ ಈಯ್ತಾ ಇದೆಯಾ?" ಅಂದಳು. ನಮ್ಮವರು ಏನಾದರೊಂದು ನೆಪ ಹುಡುಕುವಷ್ಟರಲ್ಲಿ ಹುಡುಗಿಯೇ ಕಿಸಕ್ಕನೆ ನಕ್ಕು, "ಅಲ್ಲ, ನಮ್ಮಣ್ಣ" ಅಂದಳು.

ಆ ಸಂಬಂಧ ಅಲ್ಲಿಗೇ ಮುಗಿಯಿತು. ಮೆರವಣಿಗೆಯಲ್ಲಿ ಊದುವವನ ತಂಗಿಯನ್ನು ತಂದರೆ ನಾಳೆ ನಮ್ಮ ಮನೆ ಮದುವೆಗೆ ಬೀಗರೇ ಕೆಂಪು ಕೋಟು ಹಾಕಿಕೊಂಡು ಬರುತ್ತಾರೆ ಎಂದು ಅವರು ಆಡಿಕೊಂಡರಂತೆ. ದೊಡ್ಡಪ್ಪ ಮೂರು ಹೊತ್ತೂ ಮುಖ ಗಂಟುಹಾಕಿಕೊಂಡು ತಿರುಗಿದ. ದೊಡ್ಡಣ್ಣನಂತೂ ಆ ವಾದ್ಯವನ್ನು ಇಟ್ಟಿಗೆ ಭಟ್ಟಿಗೆ ಹಾಕಿಬರುವುದಾಗಿ ನನ್ನ ಗಾಡಿ ಕೇಳಿದ. ನಾನು ಅವನಿಗೆ ಕೊಟ್ಟ ಉತ್ತರ ಇಲ್ಲಿ ಬರೆಯುವಂಥದ್ದಲ್ಲ.

ಅಂಥ ಸಮಯದಲ್ಲಿ ಮೇಷ್ಟ್ರು ಅಂಗಡಿಗೆ ಬಂದರು. ದೊಡ್ಡಪ್ಪ ಕೂರಲು ಹೇಳಲಿಲ್ಲ. ಮೇಷ್ಟ್ರು ತಾವೇ ಒಂದು ಹಾಸಿಗೆಯ ಸುರುಳಿ ಎಳೆದುಕೊಂಡು ಕೂತರು.

"ನೋಡಿ ಯಜಮಾನರೇ. ನಗರಸಭೆಯ ವಾದ್ಯತಂಡ ಇದೆಯಲ್ಲ, ಸಂಜೆ ಉದ್ಯಾನದಲ್ಲಿ ನುಡಿಸ್ತಾರಲ್ಲ, ಅದರಲ್ಲಿ ಕ್ಲಾರಿನೆಟ್ ಹಿಡಿಯೋ ಮುದುಕ ಮಳೆಗಾಲ ಆದಮೇಲೆ ನಿವೃತ್ತಿ ಆಗ್ತಾನೆ. ಆ ಜಾಗಕ್ಕೆ ಪರೀಕ್ಷೆ ಇದೆ. ನಿಮ್ಮ ಹುಡುಗನ ಹಾಗೆ ಉಸಿರು ಹಿಡಿಯೋನು ಈ ಊರಲ್ಲಿ ಇನ್ನೊಬ್ಬ ಇಲ್ಲ. ಖಾಯಂ ಕೆಲಸ."

ದೊಡ್ಡಪ್ಪ ದಬ್ಬಣಕ್ಕೆ ದಾರ ಪೋಣಿಸುತ್ತಿದ್ದವನು ತಲೆ ಎತ್ತಿದ. "ಅಲ್ಲಿ ನಡೀತಾ ಊದೋದಾ, ಕೂತು ಊದೋದಾ?"

"ಕೂತು."

"ನೆಲದ ಮೇಲಾ?"

"ಕುರ್ಚಿ ಮೇಲೆ ಸ್ವಾಮಿ. ಕರೀ ಕೋಟು."

"ಕೋಟು ಅವನ ಅಳತೆಗೇ ಹೊಲಿಸ್ತಾರಾ?"

"ಅಳತೆ ತಗೊಂಡೇ ಹೊಲಿಸ್ತಾರೆ."

ದೊಡ್ಡಪ್ಪ ದಬ್ಬಣವನ್ನು ಹಾಸಿಗೆಗೆ ಚುಚ್ಚಿಟ್ಟ. ಆಮೇಲೆ ಮೇಷ್ಟ್ರಿಗೆ ಚಹಾ ತರಿಸಿದ. ಆ ಮನೆಯಲ್ಲಿ ಸಂಗೀತಕ್ಕೆ ಸಿಕ್ಕ ಮೊದಲ ಮರ್ಯಾದೆ ಆ ಚಹಾ.

ಪೀಪಿಯ ಬದುಕೆಲ್ಲ ಆ ಒಂದು ಕುರ್ಚಿಯ ಮೇಲೆ ನಿಂತಿತು. ಸಿಕ್ಕರೆ ಯಂತ್ರದಿಂದ ಬಿಡುಗಡೆ, ಬೀದಿಯಿಂದ ಬಿಡುಗಡೆ, ದೊಡ್ಡಣ್ಣನ ಬಾಯಿಂದಲೂ ಬಿಡುಗಡೆ. ಸಿಗದಿದ್ದರೆ ಸಾಯುವತನಕ ಹತ್ತಿ. ಪರೀಕ್ಷೆಯಲ್ಲಿ ಮುಖ್ಯವಾಗಿ ನೋಡುವುದು ಉಸಿರನ್ನು ಎಂದು ಮೇಷ್ಟ್ರು ಹೇಳಿದ್ದರು. ಹಿರಿಯನೊಬ್ಬ ಕೈ ಎತ್ತುತ್ತಾನೆ, ಇಳಿಸುವತನಕ ಒಂದೇ ಸ್ವರ ಅಲುಗದೆ ನಿಲ್ಲಬೇಕು. ಅದಕ್ಕೆ ದಿನವೂ ಅಭ್ಯಾಸ ಬೇಕು, ಡೋಲು ತಮಟೆಗಳ ನಡುವೆ ಮೇಷ್ಟ್ರ ಶೆಡ್ಡಿನಲ್ಲಿ ಅದು ಆಗುವಂಥದ್ದಲ್ಲ. ಮನೆಯಲ್ಲಿ ಅಭ್ಯಾಸ ಮಾಡಿದರೆ ಸದ್ದು ಬೀದಿಗೆ ಹೋಗುತ್ತದೆ. ಸದ್ದು ಬೀದಿಗೆ ಹೋದರೆ ತಂಗಿಗೆ ಗಂಡು ಸಿಗುವುದಿಲ್ಲ.

ಇದಕ್ಕೆ ದಾರಿ ಕಂಡುಹಿಡಿದವನು ದೊಡ್ಡಪ್ಪನೇ.

"ಊದು. ಬೇಡ ಅನ್ನಲ್ಲ" ಅಂದ. "ಆದ್ರೆ ಹೊರಗಿನವರ ಕಿವಿಗೆ ಬೀಳಬಾರದು. ಅದಕ್ಕೆ ನಾನು ವ್ಯವಸ್ಥೆ ಮಾಡ್ತೀನಿ."

ಹತ್ತಿ ಸದ್ದನ್ನು ನುಂಗುತ್ತದೆ ಎನ್ನುವುದು ಹಾಸಿಗೆಯವರಿಗೆ ಯಾರೂ ಕಲಿಸಬೇಕಾಗಿಲ್ಲ. ಅಂಗಡಿಯಲ್ಲಿ ಹಾಸಿಗೆಗಳನ್ನು ಎತ್ತರಕ್ಕೆ ಜೋಡಿಸಿದ ದಿನ ಆ ಕಡೆಯವನಿಗೆ ಈ ಕಡೆಯಿಂದ ಕೂಗಿದರೂ ಕೇಳುವುದಿಲ್ಲ. ದೊಡ್ಡಪ್ಪ ಉಗ್ರಾಣ ಖಾಲಿ ಮಾಡಿಸಿ, ಗೋಡೆಗಳನ್ನು ಹಾಸಿಗೆಯ ಹಾಗೆ ಅಳೆದ. ನಾಲ್ಕು ಗೋಡೆಗೂ ಗವಸು, ಮೇಲ್ಛಾವಣಿಗೊಂದು ಗವಸು, ಕೀಲಿಯ ಕಿಂಡಿಯಷ್ಟು ಬಿಟ್ಟು ಬಾಗಿಲ ಒಳಮೈಗೊಂದು. ಕಿಟಕಿಗೆ ದಿಂಬುಗಳನ್ನು ಒತ್ತೊತ್ತಾಗಿ ಹೊಲಿದು ಮುಚ್ಚುವುದು. ತುಂಬಲು ಹಿಂಜಿದ ಅರಳೆಯನ್ನೇ ತೆಗೆಯಲು ಹೊರಟಾಗ ದೊಡ್ಡಣ್ಣ ತಡೆದ.

"ಗೋಡೆಗೆ ಒಳ್ಳೇ ಹತ್ತಿ ಹಾಕ್ತೀಯಾ? ಮೂಲೇಲಿ ಪುಡಿ ಗೋಣಿಗಟ್ಟಲೆ ಬಿದ್ದಿದೆ."

ದೊಡ್ಡಪ್ಪ ಯೋಚಿಸಿದ. ಪುಡಿಹತ್ತಿಯನ್ನು ಹಾಸಿಗೆಗೆ ಹಾಕಬಾರದು, ಅದು ಅವನ ನೇಮ. ಇದು ಹಾಸಿಗೆಯಲ್ಲ.

"ಹೌದು ಕಣೋ. ಪುಡಿಯೇ ಇನ್ನೂ ಗಟ್ಟಿ ಕೂರತ್ತೆ, ಸದ್ದು ಹೊರಗೆ ಬಿಡಲ್ಲ. ಗೋಡೆ ಮೇಲೆ ಯಾರು ಮಲಗ್ತಾರೆ?"

ಯಾರಿಗೂ ಅದರಲ್ಲಿ ತಪ್ಪು ಕಾಣಲಿಲ್ಲ. ಪೀಪಿಗಂತೂ ಕಣ್ಣಲ್ಲಿ ನೀರೇ ಬಂತು. ದೊಡ್ಡಪ್ಪ ಆ ವಯಸ್ಸಿನಲ್ಲಿ ಏಣಿ ಹತ್ತಿ, ದಬ್ಬಣ ಬಾಯಲ್ಲಿ ಕಚ್ಚಿಕೊಂಡು, ಒಂದೊಂದು ಹೊಲಿಗೆಯನ್ನೂ ಬೆರಳಲ್ಲಿ ಒತ್ತಿ ನೋಡಿ ಹಾಕಿದ. ಸಾಲು ಸಾಲಾಗಿ, ಗೆರೆ ಹೊಡೆದಂತೆ. ಮದುಮಕ್ಕಳ ಹಾಸಿಗೆಗೂ ಅವನು ಅಂಥ ಹೊಲಿಗೆ ಹಾಕಿದ್ದನ್ನು ನಾನು ಕಂಡಿರಲಿಲ್ಲ. ಗವಸಿಗೆ ಬಳಸಿದ್ದು ಮಾತ್ರ ಅಂಗಡಿಯಲ್ಲಿ ಮಿಕ್ಕ ತೆಳು ಬಟ್ಟೆ. ಗೋಡೆ ತಾನೇ.

ಮುಗಿದ ದಿನ ದೀಪ ಹಾಕಿ ಪೀಪಿಯನ್ನು ಒಳಗೆ ಕಳಿಸಿ ಬಾಗಿಲು ಹಾಕಿದರು. ಅಂಗಳದಲ್ಲಿ ಎಲ್ಲರೂ ನಿಂತೆವು. ದೊಡ್ಡಪ್ಪ ಬಾಗಿಲಿಗೆ ಕಿವಿ ಹಚ್ಚಿದ.

"ಊದ್ತಿದಾನಾ?"

"ಊದ್ತಿದಾನೆ" ಅಂದಳು ತಂಗಿ, ಕೀಲಿಯ ಕಿಂಡಿಯಲ್ಲಿ ಕಣ್ಣಿಟ್ಟು. "ಕೆನ್ನೆ ಉಬ್ಬಿದೆ."

"ನಿಜವಾಗ್ಲೂ?"

"ಅಯ್ಯೋ ಅಪ್ಪ, ಮುಖ ಕೆಂಪಗಾಗಿದೆ ನೋಡು."

ದೊಡ್ಡಪ್ಪ ಹಿಂದಕ್ಕೆ ಸರಿದು ಗಟ್ಟಿಯಾಗಿ ನಕ್ಕ. ಅವನಿಗೆ ಅಷ್ಟು ಹಲ್ಲು ಉಳಿದಿವೆ ಎಂದು ನನಗೆ ಆವತ್ತೇ ಗೊತ್ತಾದದ್ದು. ಮಗನ ಸಂಗೀತಕ್ಕಾಗಿ ಅವನು ಮಾಡಿದ ದೊಡ್ಡ ಕೆಲಸ ಅದು. ಆ ಸಂಗೀತ ಯಾರಿಗೂ ಕೇಳದ ಹಾಗೆ ಮಾಡಿದ್ದ.

ನಾನೊಮ್ಮೆ ಒಳಗೆ ಕೂತು ಕೇಳಿದೆ. ಹೊರಗೆ ಕೇಳಿದರೆ ಮೈ ಝುಮ್ಮೆನ್ನಿಸುವ ಸ್ವರ ಅಲ್ಲಿ ವಾದ್ಯದ ಬಾಯಿಂದ ಹೊರಟು ಅಲ್ಲೇ ಬಿದ್ದುಹೋಗುತ್ತಿತ್ತು. ಸೆಕೆ, ಹಳೆಯ ಹತ್ತಿಯ ಮುಗ್ಗಲು ವಾಸನೆ. ಉಸಿರು ಕಟ್ಟಿದಂತಾಗಿ ನಾನು ಬೇಗ ಎದ್ದುಬಂದೆ. ಅವನು ಮಾತ್ರ ಅರಮನೆ ಸಿಕ್ಕವನ ಹಾಗಿದ್ದ. "ಒಳಗೆ ನನ್ನ ಉಸಿರು ಎಲ್ಲಿ ನಡುಗತ್ತೆ ಅನ್ನೋದೂ ಕೇಳತ್ತೆ ಕಣೋ" ಅನ್ನುತ್ತಿದ್ದ. ಅಂಗಡಿಯಲ್ಲಿ ಎಲ್ಲರ ಬಾಯಿಗೂ ಬಟ್ಟೆ. ಈ ಕೋಣೆಯಲ್ಲಿ ಬಟ್ಟೆ ಕಟ್ಟುವುದಾದರೂ ಹೇಗೆ? ಅವನು ಎದೆ ತುಂಬ ಗಾಳಿ ಎಳೆದುಕೊಳ್ಳುತ್ತಿದ್ದ, ಬಿಡುತ್ತಿದ್ದ, ಮತ್ತೆ ಎಳೆದುಕೊಳ್ಳುತ್ತಿದ್ದ.

ತಂಗಿಯ ಮದುವೆ ಗೊತ್ತಾಯಿತು. ಚಿಕ್ಕವನು ಏನು ಮಾಡ್ತಾನೆ ಎಂದು ಬೀಗರು ಕೇಳಿದಾಗ ದೊಡ್ಡಪ್ಪ, "ಹಿಂಜೋದ್ರಲ್ಲಿ ಅವನ ಕೈ ಯಾರಿಗೂ ಬರಲ್ಲ" ಅಂದ. ಅಣ್ಣನೇ ಊದಬೇಕು ಎಂದು ಹುಡುಗಿ ಹಟ ಹಿಡಿದಿದ್ದಳು. ಅದು ನಡೆಯಲಿಲ್ಲ. ಬೇರೆ ಊರಿನಿಂದ ಬ್ಯಾಂಡು ಬಂತು. ಅದರ ಕ್ಲಾರಿನೆಟ್ಟಿನವನು ಬೆಳಿಗ್ಗೆಯೇ ಏರಿಸಿಕೊಂಡು ಬಂದಿದ್ದ. ಸ್ವರ ಒಂದು ಕಡೆ, ಅವನೊಂದು ಕಡೆ. ಪೀಪಿ ಕುರ್ಚಿಯಲ್ಲಿ ತುಟಿ ಕಚ್ಚಿಕೊಂಡು ಕೂತಿದ್ದ. ದೊಡ್ಡಮ್ಮ ಮದುವೆ ಮುಗಿಯುವತನಕ ಅವನ ತೊಡೆಯ ಮೇಲಿಟ್ಟ ಕೈ ತೆಗೆಯಲಿಲ್ಲ, ಎಲ್ಲಿ ಎದ್ದುಹೋಗಿ ಆ ಕುಡುಕನ ಕೈಯಿಂದ ಕಿತ್ತುಕೊಂಡು ಊದಿಬಿಡುತ್ತಾನೋ ಅಂತ.

"ನನ್ನನ್ನ ಹಿಡ್ಕೊಂಡ್ರೆ ಆಯ್ತಾ ಅಮ್ಮ? ಅವನನ್ನ ಹಿಡಿಯೋರು ಯಾರು?" ಅಂದನಂತೆ. ಹೇಳಿ ನಕ್ಕವನಿಗೆ ಕೆಮ್ಮು ಬಂತು. ಅವನ ಕೆಮ್ಮು ನಾನು ಗಮನಿಸಿದ್ದು ಆವತ್ತು.

ಆಮೇಲೆ ಅದು ಅವನ ಜೊತೆಯಲ್ಲೇ ಓಡಾಡಿತು. ಮೊದಲು ಬೆಳಿಗ್ಗೆ ಮಾತ್ರ, ಒಣ ಕೆಮ್ಮು. ಆಮೇಲೆ ಮೆಟ್ಟಿಲು ಹತ್ತಿದರೆ. ಆಮೇಲೆ ಉಂಡರೆ. ದೊಡ್ಡಮ್ಮ ಬಿಸಿನೀರು ಕುಡಿಸಿದಳು. ದೊಡ್ಡಣ್ಣನಿಗೆ ಕಾರಣ ಆಗಲೇ ಸಿಕ್ಕಿತ್ತು. "ಊದೋ ಕಾಯಿಲೆ. ಎದೆ ಏನು ಕಮ್ಮಾರನ ತಿದಿಯಾ? ಎಷ್ಟು ಅಂತ ತಾಳತ್ತೆ?"

ಕೊನೆಗೆ ನನ್ನ ಗಾಡಿಯಲ್ಲೇ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ವಯಸ್ಸಿನಲ್ಲಿ ಚಿಕ್ಕವರಾದ ಡಾಕ್ಟರಮ್ಮ ಬೆನ್ನಿಗೆ ಕಿವಿಗೊಳವೆ ಇಟ್ಟು, ಉಸಿರು ಎಳೆಸಿ, ಬಿಡಿಸಿ, ಮತ್ತೆ ಎಳೆಸಿ ಕೇಳಿದರು.

"ಏನು ಕೆಲಸ?"

ಪೀಪಿ ಬಾಯಿ ತೆರೆಯುವಷ್ಟರಲ್ಲಿ ದೊಡ್ಡಪ್ಪ ಅಂದ, "ಹಾಸಿಗೆ ಅಂಗಡಿ."

"ಬೇರೆ ಏನಾದ್ರೂ?"

"ಬೇರೆ ಏನಿಲ್ಲ. ಹಾಸಿಗೆ ಅಷ್ಟೇ."

ತಂಗಿಯ ಮದುವೆ ಆಗಿಹೋಗಿತ್ತು. ಮುಚ್ಚಿಡುವ ಕಾರಣವೇ ಇರಲಿಲ್ಲ. ಆದರೂ ಮುಚ್ಚಿಟ್ಟು ಮುಚ್ಚಿಟ್ಟು ದೊಡ್ಡಪ್ಪನ ನಾಲಿಗೆಗೆ ಅದೇ ರೂಢಿಯಾಗಿತ್ತು. ಮಗನೂ ತಲೆ ತಗ್ಗಿಸಿ ಕೂತ. ದಿನಾ ಎಲ್ಲಿ ಕೂತು ಊದುತ್ತೀಯಾ ಎಂದು ಡಾಕ್ಟರಮ್ಮ ಕೇಳುವ ದಾರಿಯೇ ಮುಚ್ಚಿಹೋಯಿತು.

"ಹಾಗಾದ್ರೆ ಹತ್ತಿ ಧೂಳು ಎದೆಗೆ ಸೇರಿದೆ. ಇವತ್ತಿಂದ ಆ ಕೆಲಸ ಬಿಡಿಸಿ. ಧೂಳಿನ ಹತ್ರಾನೂ ಸುಳೀಬಾರದು."

ಬಿಡಿಸಿದರು. ದೊಡ್ಡಣ್ಣ ಗೊಣಗಿದ, ಆಳು ಇಟ್ಟುಕೊಂಡ. ಪೀಪಿಗೆ ಬೆಳಿಗ್ಗೆಯಿಂದ ಸಂಜೆಯವರೆಗೆ ಬಿಡುವು. ಪರೀಕ್ಷೆ ಹತ್ತಿರ ಬರುತ್ತಿತ್ತು. ಆ ಬಿಡುವನ್ನೆಲ್ಲ ಅವನು ಎಲ್ಲಿ ಕಳೆದ ಎಂದು ಹೇಳಬೇಕಾಗಿಲ್ಲ. ಅಂಗಡಿಯ ಧೂಳು ಆ ಕೋಣೆಗೆ ಬರಬಾರದೆಂದು ದೊಡ್ಡಪ್ಪ ತಾನೇ ಬಾಗಿಲು ಎಳೆದುಕೊಂಡು, ಹೊಸ್ತಿಲ ಸಂದಿಗೆ ಹೊರಗಿನಿಂದ ಬಟ್ಟೆ ತುರುಕುತ್ತಿದ್ದ. ಊಟದ ಹೊತ್ತಿಗೆ ಬಂದು ಅದನ್ನು ಕಿತ್ತು ಬಾಗಿಲು ತಟ್ಟುತ್ತಿದ್ದ. ಅಷ್ಟು ಜೋಪಾನ! ಬರೆಯುವಾಗಲೂ ಮೈ ಉರಿಯುತ್ತದೆ. ಯಾರ ಮೇಲೆ ಉರಿಯಬೇಕು ಅನ್ನುವುದೇ ತಿಳಿಯುವುದಿಲ್ಲ.

ಪರೀಕ್ಷೆಯ ದಿನ ದೊಡ್ಡಪ್ಪನೂ ಗಾಡಿ ಹತ್ತಿದ. ಯಾರೂ ಕರೆದಿರಲಿಲ್ಲ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮುಂದೆ ನನ್ನ ಪಕ್ಕ ಕೂತ. ಮಗ ನುಡಿಸುವುದನ್ನು ಅವನು ಅಲ್ಲಿಯವರೆಗೆ ಕೂತು ಕೇಳಿದವನೇ ಅಲ್ಲ.

ನಗರಸಭೆಯ ಸಭಾಂಗಣ. ಮರದ ನೆಲ, ಎತ್ತರದ ಕಿಟಕಿಗಳು, ಮೇಜಿನ ಹಿಂದೆ ಪರೀಕ್ಷೆ ಮಾಡುವ ಹಿರಿಯರು. ಮೇಷ್ಟ್ರು ಗೋಡೆಗೊರಗಿ ನಿಂತಿದ್ದರು. ದೊಡ್ಡಪ್ಪ ಕುರ್ಚಿಯ ತುದಿಯಲ್ಲಿ ಕೂತ, ಯಾರಾದರೂ ಎಬ್ಬಿಸುತ್ತಾರೆ ಅನ್ನುವ ಹಾಗೆ.

ಪೀಪಿ ನುಡಿಸಿದ. ನನಗೆ ಸಂಗೀತ ಗೊತ್ತಿಲ್ಲ. ಆ ಸಭಾಂಗಣಕ್ಕೆ ಆ ವಾದ್ಯದ ಸದ್ದು ಬಿದ್ದಾಗ ಕಿಟಕಿಯ ಗಾಜೂ ಕೇಳಿಸಿಕೊಂಡ ಹಾಗಿತ್ತು, ಅಷ್ಟು ಹೇಳಬಲ್ಲೆ. ಮೇಲಿಂದ ನಿಧಾನವಾಗಿ ಇಳಿದು, ಇನ್ನೇನು ನೆಲ ಮುಟ್ಟಿತು ಅನ್ನುವಾಗ ಮತ್ತೆ ಎದ್ದು ಹೋಗುತ್ತಿತ್ತು. ಮೇಜಿನ ಹಿಂದಿನವರು ಬರೆಯುವುದನ್ನು ಬಿಟ್ಟು ನೋಡಿದರು. ದೊಡ್ಡಪ್ಪನ ಬಾಯಿ ಸ್ವಲ್ಪ ತೆರೆದಿತ್ತು. ಅವನ ಹೆಬ್ಬೆರಳು, ತೋರುಬೆರಳು ಮೊಣಕಾಲಿನ ಮೇಲೆ ದಬ್ಬಣ ಹಿಡಿದ ಹಾಗೆ ಆಡುತ್ತಿದ್ದವು.

ಆಮೇಲೆ ಅವರಲ್ಲೊಬ್ಬ ಹಿರಿಯ ಕೈ ಎತ್ತಿದ.

ಪೀಪಿ ಎದೆ ತುಂಬಿಕೊಂಡು ಸ್ವರ ಹಿಡಿದ. ನೇರವಾಗಿ, ದಾರ ಎಳೆದಂತೆ ಬಂತು. ಹಿರಿಯ ಕೈ ಇಳಿಸಲಿಲ್ಲ. ಮೇಷ್ಟ್ರು ಗೋಡೆ ಬಿಟ್ಟು ನೆಟ್ಟಗೆ ನಿಂತರು. ಸ್ವರ ಸಣ್ಣಗೆ ನಡುಗಿತು. ಪೀಪಿಯ ಕತ್ತಿನ ನರ ಉಬ್ಬಿದವು, ಕಣ್ಣು ಕೈಯ ಮೇಲೇ ಇತ್ತು, ಇಳಿಸು ಅನ್ನುವ ಹಾಗೆ. ಸ್ವರ ತುಂಡಾಯಿತು. ಆಮೇಲೆ ಬಂದದ್ದು ಕೆಮ್ಮು. ವಾದ್ಯವನ್ನು ಎದೆಗೆ ಅವುಚಿಕೊಂಡು, ಬಾಗಿ, ಮೊಣಕಾಲೂರಿ ಕೆಮ್ಮಿದ. ಯಾರೋ ನೀರು ತಂದರು. ಕುಡಿಯಲು ಆಗಲಿಲ್ಲ.

"ತಿಳಿಸ್ತೀವಿ" ಅಂದ ಹಿರಿಯ. ಮುಖ ನೋಡಿದರೇ ತಿಳಿದಿತ್ತು, ಇನ್ನೇನು ತಿಳಿಸುವುದು.

ವಾಪಸು ಬರುವಾಗಲೂ ದೊಡ್ಡಪ್ಪ ಗಾಡಿಯಲ್ಲಿ ನನ್ನ ಪಕ್ಕ ಕೂತಿದ್ದ, ಪೀಪಿ ಹಿಂದೆ. ನಮ್ಮ ಬೀದಿಯ ತಿರುವಿನಲ್ಲಿ ಹಿಂದಕ್ಕೆ ತಿರುಗಿ ಕೇಳಿದ. "ಮಧ್ಯದಲ್ಲಿ ಒಂದು ಬಂತಲ್ಲ, ಇಳೀತಾ ಇಳೀತಾ ಹೋಗಿ ಮೇಲಕ್ಕೆ ಎದ್ದಿದ್ದು. ಅದನ್ನ ನೀನೇ ಕಟ್ಟಿದ್ದಾ?"

"ಹೂಂ ಅಪ್ಪ."

"ಯಾವಾಗ?"

"ಕೋಣೇಲಿ."

ಮನೆ ಮುಟ್ಟಿದಾಗ ಹೊತ್ತು ವಾಲಿತ್ತು. ವಾದ್ಯದ ಪೆಟ್ಟಿಗೆ ಇಡಲು ನಾನು ಅಂಗಳ ದಾಟಿ ಕೋಣೆಗೆ ಹೋದೆ, ಪೀಪಿ ನನ್ನ ಹಿಂದೆ ಬಂದು ಹೊಸ್ತಿಲ ಮೇಲೆ ಕೂತ. ಸುದ್ದಿ ತಿಳಿದ ದೊಡ್ಡಣ್ಣ ಯಂತ್ರ ನಿಲ್ಲಿಸಿ ಕೋಣೆಯೊಳಗೇ ಬಂದ, ಕತ್ತಿಗೆ ಇಳಿಬಿಟ್ಟ ಬಟ್ಟೆಯೊಂದಿಗೆ.

"ಇನ್ನಾದ್ರೂ ಸಾಕು ಮಾಡ್ತಾನಂತಾ? ಊದಿ ಊದಿ ಎದೆ ಗೂಡೇ ಹೋಯ್ತಲ್ಲ."

ನನಗೆ ರಕ್ತ ತಲೆಗೇರಿತು. ಅವನ ಮುಖಕ್ಕೆ ಹೊಡೆಯಬೇಕು ಅಂತಲೇ ಕೈ ಎತ್ತಿದ್ದು. ಪೀಪಿ, "ಲೋ, ಬೇಡ" ಅಂದ. ಎತ್ತಿದ ಕೈ ಪಕ್ಕದ ಗೋಡೆಯ ಗವಸಿಗೆ ಅಪ್ಪಳಿಸಿತು.

ಗೋಡೆ ಉಸಿರು ಬಿಟ್ಟಿತು. ಹಾಗೆ ಅನ್ನದೆ ಬೇರೆ ಮಾತು ನನಗೆ ಸಿಗುವುದಿಲ್ಲ. ಆ ತೆಳು ಬಟ್ಟೆಯ ಎಳೆ ಎಳೆಯಿಂದ ಧೂಳು ಹೊರಗೆ ಬಂತು. ತೆರೆದ ಬಾಗಿಲಿಂದ ಓರೆಯಾಗಿ ಬಿದ್ದ ಬಿಸಿಲಿನಲ್ಲಿ ಬೂದಿಬಣ್ಣಕ್ಕೆ ತೇಲಿತು, ಕೆಳಗೆ ಕೂರಲೇ ಇಲ್ಲ.

ದೊಡ್ಡಣ್ಣನ ಕೈ ತನ್ನಷ್ಟಕ್ಕೆ ತಾನೇ ಮೇಲೆ ಹೋಗಿ ಕತ್ತಿನ ಬಟ್ಟೆಯನ್ನು ಮೂಗಿನ ಮೇಲೆ ಎಳೆದುಕೊಂಡಿತು. ಹುಟ್ಟಿದಾಗಿನಿಂದ ಬಂದ ಅಭ್ಯಾಸ. ಎಳೆದುಕೊಂಡ ಮೇಲೆ ತಾನೇನು ಮಾಡಿದೆ ಅನ್ನುವುದು ಅವನಿಗೆ ಹೊಳೆಯಿತು. ಬಟ್ಟೆಯ ಮೇಲಿನ ಎರಡು ಕಣ್ಣು ತಮ್ಮನನ್ನು ನೋಡಿದವು. 

ದೊಡ್ಡಪ್ಪ ಒಳಗೆ ಬಂದ. ಗೋಡೆಗೆ ಅಂಗೈ ಇಟ್ಟು ಹಾಸಿಗೆ ತಟ್ಟುವ ಹಾಗೆ ಮೆಲ್ಲಗೆ ತಟ್ಟಿದ. ಮತ್ತೆ ಧೂಳು. ಅಂಗೈಯನ್ನು ಬಿಸಿಲಿಗೆ ಹಿಡಿದು ನೋಡಿಕೊಂಡ. ತಟ್ಟಿದ, ನೋಡಿದ. ಪೀಪಿಯೇ ಎದ್ದು ಅವನ ತೋಳು ಹಿಡಿದು ಹೊರಗೆ ಕರೆದುಕೊಂಡು ಬಂದ.

"ಬಾ ಅಪ್ಪ. ನಿನಗೂ ಧೂಳು."

ಡಾಕ್ಟರಮ್ಮನಿಗೆ ಈ ಸಲ ಎಲ್ಲವನ್ನೂ ಹೇಳಿದೆವು. ಅವರು ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದರು, ಬೈಯಲಿಲ್ಲ. ಎದೆಯೊಳಗೆ ಗಟ್ಟಿ ಕಟ್ಟಿಹೋಗಿದೆ, ಹೋದದ್ದು ಮರಳುವುದಿಲ್ಲ ಅಂದರು. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು ದೊಡ್ಡಣ್ಣನೂ ನಾನೂ ಗೋಡೆ ಬಿಚ್ಚಿದೆವು. ಹೊಲಿಗೆ ಕತ್ತರಿಸಲು ಬಹಳ ಹೊತ್ತು ಹಿಡಿಯಿತು, ಅಷ್ಟು ಬಿಗಿ. ಎಲ್ಲವನ್ನೂ ಗಾಡಿಗೆ ಹೇರಿ ಭಟ್ಟಿಗೆ ಹಾಕಿಬಂದೆ. ಕುರ್ಚಿ ಬೇರೆ ಯಾರಿಗೋ ಹೋಯಿತೆಂದು ಮೇಷ್ಟ್ರು ಬಂದು ಹೇಳಿದರು.

ಪೀಪಿ ಮಹಡಿಯ ಕಿಟಕಿಯ ಹತ್ತಿರದ ಮಂಚ ಸೇರಿದ. ಒರಗಿ ಕೂತರೆ ಮಾತ್ರ ಉಸಿರು, ಮಲಗಿದರೆ ಇಲ್ಲ. ಹಾಸಿಗೆಯವರ ಮಗನಿಗೆ ಹಾಸಿಗೆಯಲ್ಲಿ ಬೆನ್ನಿಟ್ಟು ಮಲಗುವ ಹಾಗಿರಲಿಲ್ಲ. ನೋಡಲು ಬರುವವರು, ಏನಾಯ್ತು, ಏನಾಯ್ತು ಎಂದು ಕೇಳುವವರು ಹೆಚ್ಚಾದರು. ಅದರ ಬಗ್ಗೆಯೇ ಮನೆಯಲ್ಲಿ ಮತ್ತೊಂದು ರಾದ್ಧಾಂತ.

"ಹತ್ತಿಯಿಂದ ಹೀಗಾಯ್ತು ಅಂತ ಬಾಯಿಬಿಟ್ರೆ ನಮ್ಮ ಹತ್ರ ಹಾಸಿಗೆ ಮಾಡಿಸೋರು ಯಾರು?" ಅಂದ ದೊಡ್ಡಣ್ಣ. ಮೊದಲಿನ ಜೋರಿರಲಿಲ್ಲ, ಅಂಗಲಾಚುವ ಹಾಗಿತ್ತು. "ಅಪ್ಪ ಇಷ್ಟು ವರ್ಷ ಕಾಪ್ಕೊಂಡು ಬಂದ ಹೆಸರು. ಗೋಡೆಗೆ ಹಾಕಿದ್ದು, ಹಾಸಿಗೆಗಲ್ಲ ಅಂದ್ರೆ ಜನ ನಂಬ್ತಾರಾ?"

"ಊದಿದ್ದಕ್ಕೆ ಹೀಗಾಯ್ತು ಅಂತ ಯಾರಾದ್ರೂ ಅಂದ್ರೆ ನಾನು ಬೀದೀಲಿ ನಿಂತು ಕೂಗಿ ಹೇಳ್ತೀನಿ" ಅಂದೆ ನಾನು.

ದೊಡ್ಡಪ್ಪ ಯಾರ ಕಡೆಯೂ ನೋಡಲಿಲ್ಲ. ಪೀಪಿ ಕಣ್ಣು ಮುಚ್ಚಿಕೊಂಡಿದ್ದ, ನಿದ್ದೆ ಅಂದುಕೊಂಡೆವು.

ಅವನು ಮತ್ತೊಂದು ಮಳೆಗಾಲ ಕಾಣಲಿಲ್ಲ. ಹೋಗುವುದಕ್ಕೆ ಸ್ವಲ್ಪ ಮೊದಲು, ಅಂಗಡಿಯ ಹಳೆಯ ಗಿರಾಕಿ, ವಯಸ್ಸಾದ ಹೆಂಗಸೊಬ್ಬಳು ದಿಂಬು ಮಾಡಿಸಲು ಬಂದವಳು ಮೆಟ್ಟಿಲು ಹತ್ತಿ ಮೇಲೆ ಬಂದಳು. ನಾನು ಮಂಚದ ಕಾಲ ಹತ್ತಿರ ಕೂತಿದ್ದೆ, ದೊಡ್ಡಪ್ಪ ತಲೆಯ ಹತ್ತಿರ.

"ಅಯ್ಯೋ ಮಗನೇ! ಹೇಗಿದ್ದೋನು ಹೇಗಾಗಿಬಿಟ್ಟೆ. ಏನಾಯ್ತಪ್ಪ ಎದೆಗೆ?"

ದೊಡ್ಡಪ್ಪ ಗಂಟಲು ಸರಿಮಾಡಿಕೊಂಡ. ಅವನು ನಿಜವನ್ನೇ ಹೇಳಲು ಹೊರಟಿದ್ದ, ಅದಕ್ಕೆ ನಾನು ಸಾಕ್ಷಿ. "ನಮ್ಮ ಆ ಹಿಂದಿನ ಕೋಣೇಲಿ, ನಾನೇ" ಅನ್ನುವಷ್ಟು ಬಾಯಿಂದ ಬಂದಿತ್ತು.

ಪೀಪಿ ಅಪ್ಪನ ಮೊಣಕೈ ಹಿಡಿದ. ತುಂಡು ತುಂಡು ಉಸಿರಿನಲ್ಲಿ ಹೇಳಿದ.

"ಊದಿ ಊದಿ ಅಮ್ಮ. ಬೇಡ ಅಂದ್ರೂ ಕೇಳಲಿಲ್ಲ ನಾನು. ಎಲ್ಲಾ ಅದಕ್ಕೇ ಹಾಕಿಬಿಟ್ಟೆ."

ದೊಡ್ಡಪ್ಪ ಮುಖ ಮುಚ್ಚಿಕೊಂಡ. ಆ ಹೆಂಗಸು ಲೊಚಗುಟ್ಟಿ ತಲೆ ಆಡಿಸಿದಳು.

"ನೋಡು, ಇದಕ್ಕೇ ಹಿರಿಯರು ಹೇಳೋದು. ನನ್ನ ಮೊಮ್ಮಗಳೂ ಕೊಳಲು ಕಲೀತೀನಿ ಅಂತ ಪ್ರಾಣ ತಿಂತಿದಾಳೆ. ಅವಳಿಗೆ ಹೇಳ್ಕೊಡೋ ಮೇಷ್ಟ್ರು ಬೇರೆ, ಒಳ್ಳೇ ಉಸಿರಿದೆ ಅಂತ ಹೊಗಳ್ತಾರೆ. ಹೋದ ಕೂಡಲೇ ಬಿಡಿಸ್ತೀನಿ, ಇವತ್ತೇ."

ಪೀಪಿಯ ಕಣ್ಣು ಅಗಲವಾದವು. ದಿಂಬಿನಿಂದ ಮೇಲೆದ್ದು ಕೈ ಚಾಚಿದ. "ಅಮ್ಮ, ಅದಲ್ಲ" ಅಂದ, ಆಮೇಲೆ ಕೆಮ್ಮು ಹಿಡಿಯಿತು. ನಾನು ಅವನ ಬೆನ್ನು ಹಿಡಿದುಕೊಂಡೆ. ಎದ್ದು ಅವಳ ಹಿಂದೆ ಓಡೋಣವೆಂದರೆ, ಕೈಬಿಟ್ಟರೆ ಅವನು ಮುಂದಕ್ಕೆ ಬೀಳುತ್ತಿದ್ದ. ನೋಡಲಾರದೆ ಆ ಹೆಂಗಸು ಸೆರಗು ಬಾಯಿಗಿಟ್ಟುಕೊಂಡು ಮೆಟ್ಟಿಲಿಳಿದಳು. ಕೆಮ್ಮು ನಿಂತು ಅವನಿಗೆ ಒಂದು ಮಾತಿನಷ್ಟು ಉಸಿರು ಸಿಗುವ ಹೊತ್ತಿಗೆ ಅವಳು ಕೆಳಗೆ ಅಂಗಡಿಯಲ್ಲಿ ದಿಂಬಿನ ಗವಸು ಆರಿಸಿ, ನೀಲಿಪಟ್ಟೆಯದೇ ಇರಲಿ ಎಂದು ದೊಡ್ಡಣ್ಣನಿಗೆ ಹೇಳಿ, ಹೊರಟುಹೋಗಿದ್ದಳು.